ಬಾಗಿಲ ಹೊರಗಿನ ಬೆಂಚು
(ಗಿರಣಿ ಕಾರ್ಮಿಕರ ಸಭೆಯಲ್ಲಿ ಆಡಿದ ಮಾತು)



ಕಳೆದ ತಿಂಗಳು ನಮ್ಮ ತಾಯಿಗೆ ಪಿತ್ತಕೋಶದ ಕಲ್ಲಿನ ಶಸ್ತ್ರಕ್ರಿಯೆಯಾಯಿತು. ಅವ್ವನ ಬಳೆ, ಮೂಗುಬೊಟ್ಟು ಬಿಚ್ಚಿಸಿ ನರ್ಸಮ್ಮ ನಮ್ಮ ಕೈಗಿತ್ತರು. ಕರವಸ್ತ್ರದಲ್ಲಿ ಕಟ್ಟಿ ಹಿಡಿದು ಬಾಗಿಲ ಹೊರಗಿನ ಬೆಂಚಿನ ಮೇಲೆ ಕೂತೆವು. ಬಾಗಿಲು ತೆರೆದಾಗಲೆಲ್ಲ ಏಳುವುದು, ನಮ್ಮವರ ಹೆಸರಲ್ಲವೆಂದು ಮತ್ತೆ ಕೂಡುವುದು. ಭಾಷಣದ ಬಾಯಿ ಅಂದು ಒಣಗಿತ್ತು.

ಪಕ್ಕದಲ್ಲಿ ಗಿರಣಿಯ ಕಾರ್ಮಿಕನೊಬ್ಬ. ಒಳಗೆ ಅವನ ತಂದೆ. ಗಳಿಸಿದ ರಜೆ ತೀರಿತ್ತು. ಎರಡನೆಯ ಪಾಳಿ ತಪ್ಪಿದರೆ ಕೂಲಿ ಇಲ್ಲವೆಂದು ಗಡಿಯಾರ ನೋಡುತ್ತಿದ್ದ. 1948ರ ಕಾಯಿದೆಯಿಂದ ಬಂದ ಕಾರ್ಮಿಕರ ವಿಮೆ ಅವಲಂಬಿತ ತಂದೆತಾಯಿಗೂ ಚಿಕಿತ್ಸೆ ಕೊಡಿಸುತ್ತದೆ, ಸರಿ. ಕಾರ್ಮಿಕನೇ ಕಾಯಿಲೆ ಬಿದ್ದರೆ ವರ್ಷಕ್ಕೆ 91 ದಿನದವರೆಗೆ ಕೂಲಿಯ ಶೇಕಡ 70 ಸಿಗುತ್ತದೆ. ಹೆತ್ತವರಿಗಾಗಿ ಕಾದ ದಿನಕ್ಕೆ ಚಿಕ್ಕಾಸೂ ಇಲ್ಲ. ಅಂಗಡಿಗೆ ಬೀಗ ಹಾಕಿ ಬಂದ ಸಣ್ಣ ವ್ಯಾಪಾರಿಗಂತೂ ಆ ವಿಮೆಯೇ ಇಲ್ಲ. ಔಷಧಿಗೆ ಓಡುವವರು, ರಕ್ತಕ್ಕೆ ಜನ ಹುಡುಕುವವರು, ಕಾಗದಕ್ಕೆ ಸಹಿ ಹಾಕುವವರು ಯಾರು? ಬೆಂಚಿನ ಮೇಲಿರುವವರೇ. ಅದನ್ನು ಪುರಸೊತ್ತು ಎನ್ನುತ್ತಾರೆ! ಈ ದಿನಗಳಿಗೆ ಸಂಬಳದ ರಜೆ ಬೇಕೆಂದು ಬೇಡಿಕೆಯ ಪಟ್ಟಿಯಲ್ಲಿ ಬರೆಯಿರೆನ್ನಲೆಂದೇ ನಾವು ಬಂದಿರುವುದು.

ಮೂರೂವರೆಗೆ ಆ ಕಾರ್ಮಿಕ ತಂದೆಯ ಹೆಸರನ್ನು ಚೀಟಿಯಲ್ಲಿ ಬರೆದು ನಮ್ಮ ಕೈಲಿಟ್ಟು ಪಾಳಿಗೆ ಹೋದ. ಅವ್ವ ಎಚ್ಚರಗೊಂಡು ಮೊದಲು ಕೇಳಿದ್ದು ಬಳೆ. ಅವಳನ್ನು ವಾರ್ಡಿನಲ್ಲಿ ಮಲಗಿಸಿ ಮತ್ತೆ ಬೆಂಚಿಗೆ ಬಂದೆವು. ಸಂಜೆ ಚೀಟಿಯ ಹೆಸರು ಕೂಗಿದಾಗ ನಾವೇ ಎದ್ದು ನಿಂತೆವು.