ವಾಪಸ್ ಬರ್ತೀರಾ ಅನ್ನೋದಕ್ಕೆ ಏನು ಗ್ಯಾರಂಟಿ?

ಬೇಸಿಗೆ ಬಂತು ಅಂದ್ರೆ ಬೆಂಗಳೂರಲ್ಲಿ ಎರಡು ಕಡೆ ಜನ ಜಾಸ್ತಿ ಆಗ್ತಾರೆ. ಒಂದು, ಮಲ್ಲೇಶ್ವರಂ ಎಂಟನೇ ಕ್ರಾಸಿನ ಮಾವಿನಹಣ್ಣಿನ ಗಾಡಿಗಳ ಮುಂದೆ. ಇನ್ನೊಂದು, ವೀಸಾ ಕೇಂದ್ರದ ಮುಂದೆ. ಗಾಡಿಯವನಿಗೆ ದುಡ್ಡು ಕೊಟ್ಟರೆ ಹಣ್ಣು ಸಿಗುತ್ತೆ. ವೀಸಾ ಕೇಂದ್ರದಲ್ಲಿ ದುಡ್ಡು ಕಟ್ಟಿದ ಮೇಲೂ ಸಿಗುತ್ತೆ ಅಂತ ಹೇಳೋಕ್ಕಾಗಲ್ಲ.

2024ರಲ್ಲಿ ಯುರೋಪಿನ ಷೆಂಗೆನ್ ವೀಸಾ ಕೇಳಿ ಭಾರತದಿಂದ ಹೋದ ಅರ್ಜಿಗಳು 11 ಲಕ್ಷಕ್ಕೂ ಹೆಚ್ಚು. ಅದರಲ್ಲಿ ತಿರಸ್ಕಾರವಾದದ್ದು ಸುಮಾರು 1 ಲಕ್ಷ 65 ಸಾವಿರ. ಅರ್ಜಿ ಶುಲ್ಕ 80 ಯೂರೋ ಇದ್ದದ್ದನ್ನು ಅದೇ ವರ್ಷ ಜೂನ್‌ನಲ್ಲಿ 90 ಯೂರೋ ಮಾಡಿದರು. ಅರ್ಜಿ ಬಿದ್ದುಹೋದರೆ ಶುಲ್ಕ ವಾಪಸ್ ಇಲ್ಲ. ನೀವೇ ಗುಣಿಸಿ ನೋಡಿ, ಒಂದೇ ವರ್ಷದಲ್ಲಿ ಒಂದು ಕೋಟಿ ಯೂರೋ ಮೀರುತ್ತೆ, ಬರೀ 'ಇಲ್ಲ' ಅನ್ನಿಸಿಕೊಳ್ಳೋದಕ್ಕೆ ನಾವು ಕೊಟ್ಟದ್ದು.

ಪ್ರಪಂಚ ಚಿಕ್ಕದಾಗಿದೆ, ಅಂಗೈಯಲ್ಲಿದೆ ಅಂತ ನಾವು ಟಿವಿಯವರೇ ದಿನಾ ಹೇಳ್ತೀವಿ. ಯಾರಿಗೆ ಚಿಕ್ಕದಾಯ್ತು? ಈ ಪ್ರಶ್ನೆಗೆ ಉತ್ತರ ನನಗೆ ಸಿಕ್ಕಿದ್ದು ಮಲ್ಲೇಶ್ವರಂನ ಒಂದು ಮನೆಯಲ್ಲಿ, ಐವತ್ತು ವರ್ಷ ಹಳೆಯ ಒಂದು ಪಾಸ್‌ಪೋರ್ಟಿನಲ್ಲಿ.

ಆ ಮನೆಯ ಯಜಮಾನರು ಎಂಬತ್ತು ದಾಟಿದವರು. ಹೆಸರು ಹೇಳಬೇಡಿ ಅಂದರು, ಹೇಳಲ್ಲ. ರಾಯರು ಅಂತ ಕರೆಯೋಣ. ಬೆಂಗಳೂರಿನ ಒಂದು ದೊಡ್ಡ ಕಾರ್ಖಾನೆಯಲ್ಲಿ ಇಂಜಿನಿಯರ್ ಆಗಿದ್ದವರು, ತರಬೇತಿಗೆ ಪಶ್ಚಿಮ ಜರ್ಮನಿಯ ಸ್ಟುಟ್‌ಗಾರ್ಟಿಗೆ ಹೋಗಿದ್ದರು. ಆ ಕಾಲಕ್ಕೆ ಅದು ತೀರಾ ಅಪರೂಪವೇನೂ ಆಗಿರಲಿಲ್ಲ. ನಮ್ಮ ಆಡುಗೋಡಿಯ ಮೈಕೋ 1951ರಲ್ಲಿ ಶುರುವಾದದ್ದೇ ಸ್ಟುಟ್‌ಗಾರ್ಟಿನ ಬಾಷ್ ಕಂಪನಿಯ ಕೈಹಿಡಿದು. ಸಂಪಿಗೆ ರಸ್ತೆಯಲ್ಲಿ ಬೆಳಿಗ್ಗೆ ವಾಕಿಂಗ್ ಹೋಗೋ ಹಿರಿಯರಲ್ಲಿ ಜರ್ಮನ್ ಭಾಷೆಯಲ್ಲಿ ಒಂದರಿಂದ ನೂರು ಎಣಿಸಬಲ್ಲವರು ಈಗಲೂ ಸಿಗ್ತಾರೆ.

1975ರ ಮೇ ತಿಂಗಳ ಕೊನೆ. ತರಬೇತಿ ಮುಗಿದಿತ್ತು. ರಾಯರು, ಅವರ ಹೆಂಡತಿ, ಬಸವನಗುಡಿಯ ಒಬ್ಬ ಸಹೋದ್ಯೋಗಿ, ಧಾರವಾಡದ ಇನ್ನೊಬ್ಬ, ನಾಲ್ಕು ಜನ ದುಡ್ಡು ಸೇರಿಸಿ ಒಂದು ಹಳೇ ಫೋಕ್ಸ್‌ವ್ಯಾಗನ್ ವ್ಯಾನು ಕೊಂಡರು. ಒಳಗೆ ಮಡಚೋ ಮಂಚ, ಒಂದು ಒಲೆ, ಒಂದು ಪುಟ್ಟ ಬೀರು. ಇಂಜಿನ್ ಹಿಂದುಗಡೆ. ರೇಡಿಯೇಟರ್ ಇಲ್ಲವೇ ಇಲ್ಲ, ಗಾಳಿಯಲ್ಲೇ ತಂಪಾಗೋ ಇಂಜಿನ್. ಹಾಗಾಗಿ ನೀರು ಕುದಿಯುವ ಭಯ ಇಲ್ಲ, ಆದರೆ ಏರು ಬಂದರೆ ಉಸಿರು ಕಟ್ಟುತ್ತಿತ್ತಂತೆ. ಆಸ್ಟ್ರಿಯಾದಿಂದ ಇಟಲಿಗೆ ಇಳಿಯೋ ಬ್ರೆನ್ನರ್ ಕಣಿವೆ ಸಮುದ್ರಮಟ್ಟದಿಂದ ಸುಮಾರು 1,370 ಮೀಟರ್. ಅದನ್ನು ಎರಡನೇ ಗೇರಿನಲ್ಲೇ ಹತ್ತಿದ್ದು. ಹಿಂದೆ ಲಾರಿಗಳ ಸಾಲು. 'ನಮ್ಮ ಶಿರಾಡಿ ಘಾಟಿಯಲ್ಲಿ ಕಬ್ಬಿನ ಲಾರಿ ಹಿಂದೆ ಸಿಕ್ಕಿಹಾಕಿಕೊಂಡರೆ ಹೇಗಿರುತ್ತೋ ಹಾಗೆ. ವ್ಯತ್ಯಾಸ ಏನಂದ್ರೆ ಅಲ್ಲಿ ಕಬ್ಬಿನ ಲಾರಿ ನಾವೇ' ಅಂತಾರೆ ರಾಯರು.

ವೆರೋನಾ, ವೆನಿಸ್, ರೋಮ್, ಪಾಂಪೆ. ಇವನ್ನೆಲ್ಲ ನೀವು ಟೂರಿಸ್ಟ್ ಪುಸ್ತಕದಲ್ಲಿ ನೋಡಿದೀರಿ, ಬಿಡಿ. ನನಗೆ ಇಷ್ಟವಾದದ್ದು ಅಡುಗೆಯ ಕಥೆ. ಅದನ್ನು ಹೇಳಿದ್ದು ಅಮ್ಮ. 'ಇವರು ಕಟ್ಟಡ ನೋಡಿದ್ರು, ನಾನು ಕ್ಯಾಂಪಿನ ನಲ್ಲಿ ನೋಡಿದೆ' ಅಂತ ಶುರುಮಾಡಿದರು. ಮಲ್ಲೇಶ್ವರಂನಿಂದ ಬಂದಿದ್ದ ಸಾರಿನಪುಡಿ, ಹುಣಸೆಹಣ್ಣು, ಒಂದು ಡಬ್ಬ ಮಾವಿನಕಾಯಿ ಉಪ್ಪಿನಕಾಯಿ. ಇಟಲಿಯ ಅಕ್ಕಿ ಉದುರುದುರಾಗಲ್ಲ, ಮುದ್ದೆಯಾಗುತ್ತೆ. ಮೂರು ದಿನ ಬೈದುಕೊಂಡು, ನಾಲ್ಕನೇ ದಿನ ಅದರಲ್ಲೇ ಬಿಸಿಬೇಳೆಬಾತ್ ಮಾಡಿದರಂತೆ, ಅಷ್ಟು ಚೆನ್ನಾಗಿ ಊರಲ್ಲೂ ಆಗಿರಲಿಲ್ಲವಂತೆ. ಗ್ರೀಸ್ ಮುಟ್ಟಿದ ಮೇಲೆ ಗಟ್ಟಿ ಮೊಸರು ಸಿಕ್ಕಿತು. ಅಲ್ಲಿಂದ ಮುಂದೆ ಚಿಂತೆಯಿಲ್ಲ, ದಿನಾ ರಾತ್ರಿ ಮೊಸರನ್ನ. ಕಾಫಿ ಮಾತ್ರ ತಳದಲ್ಲಿ ಗಸಿ ಉಳಿಯೋ ಕಾಫಿ. ಬಸವನಗುಡಿಯವರು ಅದನ್ನು 'ಟರ್ಕಿಷ್ ಕಾಫಿ' ಅಂತ ಕೇಳಿ ಹೋಟೆಲಿನವನ ಕೈಲಿ ಬೈಸಿಕೊಂಡರು. ಹಿಂದಿನ ವರ್ಷವಷ್ಟೇ ಸೈಪ್ರಸ್ ದ್ವೀಪಕ್ಕೆ ಟರ್ಕಿ ಸೈನ್ಯ ನುಗ್ಗಿತ್ತು. ಆಮೇಲೆ ಗ್ರೀಸಿನಲ್ಲಿ ಅದು 'ಗ್ರೀಕ್ ಕಾಫಿ'. ಲೋಟದೊಳಗೂ ರಾಜಕೀಯ!

ಈಗ ಪಾಸ್‌ಪೋರ್ಟಿಗೆ ಬರೋಣ. ನಾನು ಪುಟ ತಿರುಗಿಸಿ ನೋಡಿದೆ. ಗಡಿಗಳಲ್ಲಿ ಒತ್ತಿದ ಮುದ್ರೆಗಳಿವೆ. ಈಗಿನ ಹಾಗೆ ಬ್ಯಾಂಕ್ ಸ್ಟೇಟ್‌ಮೆಂಟು, ಸಂಬಳದ ಚೀಟಿ, ಹೋಟೆಲ್ ಬುಕಿಂಗು, ಇನ್ಶೂರೆನ್ಸು, ರಿಟರ್ನ್ ಟಿಕೆಟ್ಟು, ಇವನ್ನೆಲ್ಲ ಜೋಡಿಸಿ ಪಡೆದ ವೀಸಾ ಪುಟ ಇಲ್ಲ. ಯಾಕೆ? ಭಾರತೀಯರಿಗೆ ಪಶ್ಚಿಮ ಜರ್ಮನಿ ವೀಸಾ ಕಡ್ಡಾಯ ಮಾಡಿದ್ದು 1980ರಲ್ಲಿ. ಬ್ರಿಟನ್ ಮಾಡಿದ್ದು 1986ರಲ್ಲಿ. ಫ್ರಾನ್ಸ್ ಕೂಡ 1986ರಲ್ಲೇ. ಯುರೋಪಿನವರು ತಮ್ಮ ತಮ್ಮೊಳಗಿನ ಗಡಿ ತೆಗೆದು ಷೆಂಗೆನ್ ವ್ಯವಸ್ಥೆ ಜಾರಿಗೆ ತಂದದ್ದು 1995ರಲ್ಲಿ. ಅವರ ಮನೆಯ ಒಳಬಾಗಿಲುಗಳು ತೆರೆಯುವ ಹೊತ್ತಿಗೆ ನಮ್ಮ ಕಡೆಯ ಹೊರಬಾಗಿಲಿಗೆ ಬೀಗ ಬಿದ್ದಿತ್ತು.

ಹಾಗಂತ ಆ ಕಾಲ ಸುವರ್ಣಕಾಲ ಅಂತ ನಾನು ಹೇಳಲ್ಲ. ಆಗ ಬೀಗ ಹಾಕಿದ್ದವರು ನಮ್ಮವರೇ. 60ರ, 70ರ ದಶಕದಲ್ಲಿ ವಿದೇಶಕ್ಕೆ ಹೊರಟವನ ಕೈಗೆ ನಮ್ಮ ಸರ್ಕಾರ ಕೊಡ್ತಿದ್ದ ವಿದೇಶಿ ಹಣ 8 ಡಾಲರ್. ಎಂಟೇ ಎಂಟು. ಹೊರಡೋಕೆ ರಿಸರ್ವ್ ಬ್ಯಾಂಕಿನ ಅನುಮತಿ, ಅದಕ್ಕೊಂದು 'ಪಿ ಫಾರಂ'. ಪಾಸ್‌ಪೋರ್ಟ್ ಕೊಡೋದು ಬಿಡೋದು ಸರ್ಕಾರದ ಮರ್ಜಿ. 1967ರಲ್ಲಿ ಸುಪ್ರೀಂ ಕೋರ್ಟು ಸತ್ವಂತ್ ಸಿಂಗ್ ಸಾಹ್ನಿ ಪ್ರಕರಣದಲ್ಲಿ, ವಿದೇಶಕ್ಕೆ ಹೋಗೋದು ಪ್ರಜೆಯ ವೈಯಕ್ತಿಕ ಸ್ವಾತಂತ್ರ್ಯದ ಭಾಗ ಅಂತ ಹೇಳಿದ ಮೇಲೆ ಪಾಸ್‌ಪೋರ್ಟಿಗೆ ಒಂದು ಕಾಯ್ದೆಯೇ ಬಂತು. ರಾಯರ ಹತ್ತಿರ ಜರ್ಮನಿಯಲ್ಲಿ ಉಳಿಸಿದ ಮಾರ್ಕುಗಳಿದ್ದವು ಅಂತ ಆ ಪ್ರವಾಸ ಸಾಧ್ಯವಾಯ್ತು. ಊರಿಂದ ಹೊರಟವನ ಜೇಬಿನಲ್ಲಿ ಎಂಟು ಡಾಲರ್ ಇಟ್ಟುಕೊಂಡು ಬ್ರೆನ್ನರ್ ಹತ್ತೋಕ್ಕಾಗಲ್ಲ.

ಹತ್ತಿದವರೇ ಇಲ್ಲ ಅಂತಲೂ ಅಲ್ಲ ನೋಡಿ, ನಡೆದೇ ಹೋದವರಿದ್ದಾರೆ. ಬೆಂಗಳೂರಿನಲ್ಲಿ ವಿನೋಬಾ ಭಾವೆಯವರ ವಿಶ್ವನೀಡಂ ಆಶ್ರಮದಲ್ಲಿದ್ದ ಸತೀಶ್ ಕುಮಾರ್ ಮತ್ತು ಇ.ಪಿ. ಮೆನನ್ ಎಂಬ ಇಬ್ಬರು ಯುವಕರು, ಅಣುಬಾಂಬ್ ವಿರೋಧಿಸಿ 89ನೇ ವಯಸ್ಸಿನಲ್ಲಿ ಬರ್ಟ್ರೆಂಡ್ ರಸೆಲ್ ಜೈಲಿಗೆ ಹೋದ ಸುದ್ದಿಯನ್ನು ಇಲ್ಲಿನ ಒಂದು ಕಾಫಿ ಹೋಟೆಲಿನಲ್ಲಿ ಪೇಪರ್‌ನಲ್ಲಿ ಓದಿದರು. ಆ ಮುದುಕರು ಜೈಲಿಗೆ ಹೋದರು, ನಾವು ಕಾಫಿ ಕುಡೀತಾ ಕೂತಿದ್ದೀವಲ್ಲ ಅನ್ನಿಸಿತಂತೆ. 1962ರ ಜೂನ್ 1ರಂದು ದೆಹಲಿಯ ಗಾಂಧಿ ಸಮಾಧಿಯಿಂದ ಹೊರಟರು. ವಿನೋಬಾ ಹೇಳಿದ ಮಾತಿನಂತೆ ಕೈಯಲ್ಲಿ ಒಂದು ಕಾಸೂ ಇಲ್ಲ. ಪಾಕಿಸ್ತಾನ, ಅಫ್ಘಾನಿಸ್ತಾನ, ಇರಾನ್ ದಾಟಿ ಮಾಸ್ಕೋ, ಪ್ಯಾರಿಸ್, ಲಂಡನ್, ಕೊನೆಗೆ ಹಡಗಿನಲ್ಲಿ ಸಾಗರ ದಾಟಿ ವಾಷಿಂಗ್ಟನ್. ಪಾಕಿಸ್ತಾನದ ಗಡಿಯಲ್ಲಿ ಸ್ನೇಹಿತರು ದಾರಿಗೆ ಊಟದ ಪೊಟ್ಟಣ ಕೊಡೋಕೆ ಬಂದರೆ ಸತೀಶ್ ಕುಮಾರ್ ತೆಗೆದುಕೊಳ್ಳಲಿಲ್ಲ. ಅದು ಅಪನಂಬಿಕೆಯ ಪೊಟ್ಟಣ ಅನ್ನೋದು ಅವರ ವಾದ. ಗಡಿಯಾಚೆ ಕಾಲಿಟ್ಟರೆ, ಇವರನ್ನು ಮನೆಗೆ ಕರೆದೊಯ್ಯೋಕೆ ಅಂತಲೇ ಒಬ್ಬರು ಕಾದು ನಿಂತಿದ್ದರು.

ರಾಯರಿಗೂ ವ್ಯಾನು ಓಡಿಸಿಕೊಂಡು ನೇರವಾಗಿ ಮಲ್ಲೇಶ್ವರಂಗೇ ಬಂದುಬಿಡಬೇಕು ಅನ್ನೋ ಆಸೆ ಇತ್ತು. ಹದಿನೆಂಟನೇ ಕ್ರಾಸಿನಲ್ಲಿ ಜರ್ಮನ್ ನಂಬರ್ ಪ್ಲೇಟಿನ ವ್ಯಾನು ನಿಲ್ಲಿಸೋ ಕನಸು! ರಸ್ತೆಯೇನೋ ಇತ್ತು. ಇಸ್ತಾಂಬುಲ್, ಟೆಹರಾನ್, ಕಾಬೂಲ್ ದಾಟಿ ಹಿಪ್ಪಿಗಳ ವ್ಯಾನುಗಳು ಗೋವಾದವರೆಗೆ ಬರ್ತಾನೇ ಇದ್ದವು. ಆದರೆ 1971ರ ಯುದ್ಧ ಮುಗಿದು ನಾಲ್ಕು ವರ್ಷವಾಗಿದ್ದರೂ ಭಾರತ-ಪಾಕಿಸ್ತಾನದ ನಡುವೆ ರಾಯಭಾರ ಸಂಬಂಧ ಮತ್ತೆ ಶುರುವಾಗಿರಲಿಲ್ಲ, ಅದಾದದ್ದು 1976ರಲ್ಲಿ. ಜರ್ಮನಿಯ ಹುಡುಗನಿಗೆ ಲಾಹೋರ್ ಮೂಲಕ ದಾರಿ ಇತ್ತು, ಮಲ್ಲೇಶ್ವರಂ ಹುಡುಗನಿಗೆ ಇರಲಿಲ್ಲ. 1979ರಲ್ಲಿ ಇರಾನಿನಲ್ಲಿ ಕ್ರಾಂತಿಯಾಯ್ತು, ವರ್ಷದ ಕೊನೆಗೆ ಅಫ್ಘಾನಿಸ್ತಾನಕ್ಕೆ ಸೋವಿಯತ್ ಸೈನ್ಯ ಬಂತು. ಹಿಪ್ಪಿಗಳ ದಾರಿಯೂ ಮುಗಿಯಿತು.

ಮುಖ್ಯ ವಿಷಯಕ್ಕೆ ಬರ್ತೀನಿ. ಇಟಲಿಯ ಬ್ರಿಂಡಿಸಿಯಲ್ಲಿ ವ್ಯಾನನ್ನು ಹಡಗಿಗೆ ಹತ್ತಿಸಿ, ಗ್ರೀಸಿನ ಪಾತ್ರಾಸ್‌ನಲ್ಲಿ ಇಳಿಸಿ, ಜೂನ್ ಮೂರನೇ ವಾರ ಅಥೆನ್ಸ್ ಸೇರಿದರು. ಗ್ರೀಸ್ ಆಗ ಹೇಗಿತ್ತು ಗೊತ್ತಾ? 1967ರ ಏಪ್ರಿಲ್ 21ರಂದು ಅಥೆನ್ಸಿನ ಬೀದಿಗೆ ಟ್ಯಾಂಕು ಇಳಿಸಿ ಕರ್ನಲ್‌ಗಳು ಅಧಿಕಾರ ಹಿಡಿದಿದ್ದರು. ಏಳು ವರ್ಷ ಸೆನ್ಸಾರ್, ಚಿತ್ರಹಿಂಸೆ, ದ್ವೀಪಗಳಲ್ಲಿ ಸೆರೆ. 1973ರ ನವೆಂಬರಿನಲ್ಲಿ ಪಾಲಿಟೆಕ್ನಿಕ್ ವಿದ್ಯಾರ್ಥಿಗಳು ಎದ್ದರೆ, ಗೇಟಿನ ಮೇಲೇ ಟ್ಯಾಂಕು ಹರಿಸಿದರು. 1974ರ ಜುಲೈನಲ್ಲಿ ಆ ಸರ್ವಾಧಿಕಾರ ಕುಸಿಯಿತು. ಹೊಸ ಸಂವಿಧಾನ ಜಾರಿಗೆ ಬಂದದ್ದು 1975ರ ಜೂನ್ 11ರಂದು. ರಾಯರ ವ್ಯಾನು ಹೋಗೋ ಹೊತ್ತಿಗೆ ಅದಕ್ಕೆ ಎರಡು ವಾರವೂ ತುಂಬಿರಲಿಲ್ಲ. ಕಾಫಿ ಅಂಗಡಿಗಳಲ್ಲಿ ಜನ ಜೋರಾಗಿ ಜಗಳ ಆಡ್ತಿದ್ದರಂತೆ, ಜಗಳ ಆಡೋದಕ್ಕೆ ಈಗ ಬಿಟ್ಟಿದ್ದಾರಲ್ಲ ಅನ್ನೋ ಸಂತೋಷಕ್ಕೆ.

ಜೂನ್ 26ರ ಸಂಜೆ. ಅಥೆನ್ಸಿನ ಹೊರಗೆ ಸಮುದ್ರದ ಪಕ್ಕದ ಕ್ಯಾಂಪು. ರಾಯರು ದಿನದ ಅಭ್ಯಾಸದಂತೆ ಟ್ರಾನ್ಸಿಸ್ಟರ್‌ನಲ್ಲಿ ಬಿಬಿಸಿ ಹಿಡಿದರು. ಭಾರತದಲ್ಲಿ ತುರ್ತು ಪರಿಸ್ಥಿತಿ. ವಿರೋಧ ಪಕ್ಷದ ನಾಯಕರ ಬಂಧನ. ಆಮೇಲೆ ಗೊತ್ತಾದದ್ದು, ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಬಂಧನವಾದದ್ದು ನಮ್ಮ ಬೆಂಗಳೂರಿನಲ್ಲೇ. ಸಂಸದೀಯ ಸಮಿತಿ ಸಭೆಗೆ ಬಂದಿದ್ದವರು ಸೆಂಟ್ರಲ್ ಜೈಲು ಸೇರಿದರು. ಈಗ ನಾವು ಧರಣಿ ಕೂರೋ ಫ್ರೀಡಂ ಪಾರ್ಕ್ ಇದೆಯಲ್ಲ, ಅದೇ ಜಾಗ.

ಪಕ್ಕದ ಡೇರೆಯಲ್ಲಿ ಒಬ್ಬ ಗ್ರೀಕ್ ಮೇಷ್ಟ್ರು. ಅವರ ತಮ್ಮ ಕರ್ನಲ್‌ಗಳ ಕಾಲದಲ್ಲಿ ದ್ವೀಪದ ಸೆರೆಯಲ್ಲಿದ್ದವನು. ಹರುಕು ಇಂಗ್ಲಿಷಿನಲ್ಲಿ ವಿಷಯ ಕೇಳಿಸಿಕೊಂಡ ಆ ಮೇಷ್ಟ್ರು ತಮ್ಮ ಒಲೆಯ ಮೇಲಿದ್ದ ಕಾಫಿಯನ್ನು ಇವರ ಲೋಟಗಳಿಗೆ ಬಗ್ಗಿಸಿ, 'ನಮಗೆ ಏಳು ವರ್ಷ ಹಿಡಿಯಿತು' ಅಂದರು. ಅಷ್ಟೇ ಅಂದದ್ದು. ಆ ರಾತ್ರಿ ಅಮ್ಮ ಅಡುಗೆ ಮಾಡಲಿಲ್ಲ.

ಎರಡು ವಾರದ ಮೇಲೆ ಅಥೆನ್ಸಿನ ದೊಡ್ಡ ಅಂಚೆ ಕಚೇರಿಯಲ್ಲಿ ರಾಯರ ತಂದೆಯ ಏರೋಗ್ರಾಂ ಸಿಕ್ಕಿತು. ಅಲೆಮಾರಿಗಳ ಕಾಗದವನ್ನು ಅಂಚೆಯವರೇ ಇಟ್ಟುಕೊಂಡಿದ್ದು ಕೊಡೋ ಪದ್ಧತಿ ಆಗ ಇತ್ತು. ರಾಯರ ತಂದೆ ಹಳೇ ಕಾಂಗ್ರೆಸ್ಸಿಗರು, ಕಾಗದದಲ್ಲಿ ಕ್ಷೇಮ ಸಮಾಚಾರ ಎರಡು ಸಾಲು, ಮಿಕ್ಕಿದ್ದೆಲ್ಲ ರಾಜಕೀಯ ಬರೆಯುವವರು. ಈ ಸಲ ಬರೆದದ್ದು ಇಷ್ಟು: ಎಲ್ಲರೂ ಕ್ಷೇಮ, ಮಳೆ ಪರವಾಗಿಲ್ಲ, ರೈಲುಗಳು ಸರಿಯಾದ ಹೊತ್ತಿಗೆ ಬರುತ್ತಿವೆ. 'ಅಪ್ಪ ಹೆದರಿದ್ದನ್ನು ನಾನು ನೋಡಿದ್ದು ಅದೊಂದೇ ಸಲ, ಅದೂ ಕಾಗದದಲ್ಲಿ' ಅಂದರು ರಾಯರು.

ವಾಪಸ್ ದಾರಿ ಯುಗೊಸ್ಲಾವಿಯಾದ ಮೂಲಕ. ಸ್ಕೋಪ್ಯೆ ಊರಿನ ಹಳೇ ರೈಲ್ವೆ ನಿಲ್ದಾಣದ ಗಡಿಯಾರ 5 ಗಂಟೆ 17 ನಿಮಿಷಕ್ಕೆ ನಿಂತಿದೆ, 1963ರ ಜುಲೈ 26ರ ಭೂಕಂಪದ ಹೊತ್ತದು, ಹಾಗೇ ಬಿಟ್ಟಿದ್ದಾರೆ. ಗಡಿಯಲ್ಲಿ ಸೈನಿಕ ಪಾಸ್‌ಪೋರ್ಟ್ ನೋಡಿ 'ನೆಹರೂ, ಟಿಟೊ' ಅಂತ ನಕ್ಕು ಮುದ್ರೆ ಒತ್ತಿದ. 1961ರಲ್ಲಿ ಅಲಿಪ್ತ ದೇಶಗಳ ಮೊದಲ ಸಮ್ಮೇಳನ ನಡೆದದ್ದು ಅವರ ರಾಜಧಾನಿ ಬೆಲ್‌ಗ್ರೇಡಿನಲ್ಲಿ. ಆ ನಗುವಿಗೆ ಎದುರು ನಗಲು ತಮಗೆ ಆಗಲಿಲ್ಲ ಅಂತಾರೆ ರಾಯರು. ನೆಹರೂ ಮಗಳು ಊರಲ್ಲಿ ಏನು ಮಾಡಿದ್ದಾರೆ ಅಂತ ಆ ಹುಡುಗನಿಗೆ ಹೇಗೆ ಹೇಳೋದು?

ಸ್ಟುಟ್‌ಗಾರ್ಟಿನಲ್ಲಿ ವ್ಯಾನು ಮಾರಿದರು. ಈಗ ವಾದ ಶುರು. ಊರಲ್ಲಿ ಜೈಲು, ಸೆನ್ಸಾರ್. ಇಲ್ಲಿ ಕೆಲಸ ಸಿಗೋ ಸಾಧ್ಯತೆ. ಕಾರ್ಖಾನೆಗೆ ಬರೆದುಕೊಟ್ಟ ಬಾಂಡ್ ಇತ್ತು, ನಿಜ. ಬಾಂಡಿನ ದುಡ್ಡು ಕಟ್ಟಿ ಉಳಿದುಕೊಂಡವರೂ ಇದ್ದರು. ಧಾರವಾಡದವರು ಉಳಿದರು. ಅದು ತಪ್ಪು ಅಂತ ನಾನು ಹೇಳಲ್ಲ, ರಾಯರೂ ಹೇಳಲ್ಲ. ರಾಯರು ಮತ್ತು ಅಮ್ಮ ಆಗಸ್ಟಿನಲ್ಲಿ ವಿಮಾನ ಹತ್ತಿ ತುರ್ತು ಪರಿಸ್ಥಿತಿಯ ಭಾರತಕ್ಕೆ ವಾಪಸ್ ಬಂದರು. ಯಾಕೆ ಬಂದ್ರಿ ಅಂತ ಕೇಳಿದೆ. 'ಅಪ್ಪ ಹಾಗೆ ಕಾಗದ ಬರೆದ ಮೇಲೆ ಅಲ್ಲಿ ಹೇಗೆ ಕೂತಿರೋದು?' ಅಂದರು. ಅಮ್ಮ ಕೊಟ್ಟ ಉತ್ತರ ಬೇರೆ: 'ಉಪ್ಪಿನಕಾಯಿ ಮುಗಿದಿತ್ತು.'

ಅವರ ಮೊಮ್ಮಗ ಈಗ ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾನೆ. ಕೈತುಂಬ ಸಂಬಳ, ಸ್ವಂತ ಫ್ಲ್ಯಾಟು, ಹೆಂಡತಿ, ಮಗು. ಅಜ್ಜ ಹೋದ ದಾರಿಯಲ್ಲೇ ಬಾಡಿಗೆ ವ್ಯಾನು ತೆಗೆದುಕೊಂಡು ಹೋಗಬೇಕು ಅಂತ ಹೊರಟ. ಅಜ್ಜನಿಗೆ ಯುಗೊಸ್ಲಾವಿಯಾ ಅಂತ ಒಂದೇ ದೇಶವಾಗಿದ್ದ ಆ ರಸ್ತೆ ಈಗ ಸ್ಲೊವೇನಿಯಾ, ಕ್ರೊಯೇಷಿಯಾ, ಸರ್ಬಿಯಾ, ಉತ್ತರ ಮ್ಯಾಸಿಡೋನಿಯಾ ಅಂತ ನಾಲ್ಕು ದೇಶಗಳಲ್ಲಿ ಹಂಚಿಹೋಗಿದೆ. ಸರ್ಬಿಯಾ ಕೆಲವು ವರ್ಷ ಭಾರತೀಯರನ್ನು ವೀಸಾ ಇಲ್ಲದೆ ಬಿಡ್ತಿತ್ತು, 2023ರ ಜನವರಿಯಿಂದ ಅದೂ ನಿಂತಿತು. ಇವನು ಅಷ್ಟೂ ಲೆಕ್ಕ ಹಾಕಿ, ಮೊದಲು ಷೆಂಗೆನ್ ವೀಸಾಕ್ಕೆ ದಾಖಲೆಗಳ ಒಂದು ಕಟ್ಟನ್ನೇ ಕೊಟ್ಟ. ಯಾವ ದೇಶ ಅಂತ ಹೇಳಲ್ಲ. ಮೂರು ವಾರದ ಮೇಲೆ ಉತ್ತರ ಬಂತು. ಮುದ್ರಿತ ಫಾರಂನಲ್ಲಿ ಒಂದು ಚೌಕಕ್ಕೆ ಗುರುತು ಹಾಕಿತ್ತು. ವೀಸಾ ಅವಧಿ ಮುಗಿಯೋದರೊಳಗೆ ನೀವು ಹಿಂದಿರುಗುತ್ತೀರಿ ಅನ್ನೋ ಬಗ್ಗೆ ನಮಗೆ ಅನುಮಾನವಿದೆ, ಅನ್ನೋದು ಅದರ ಅರ್ಥ.

ಈ ಅನುಮಾನ ಪಡುವ ಹಕ್ಕು ಒಂದು ದೇಶಕ್ಕೆ ಇಲ್ಲವೇ? ಇದೆ. ಅವಧಿ ಮೀರಿ ಉಳಿಯುವವರೂ ಇದ್ದಾರೆ, ಸುಳ್ಳು ಕಾಗದ ಕೊಡೋ ಏಜೆಂಟರೂ ನಮ್ಮೂರಲ್ಲೇ ಇದ್ದಾರೆ. ಆದರೆ ಯಾವ ಕಾಗದ ನೋಡಿ ಅನುಮಾನ ಬಂತು, ಏನು ಕೊಟ್ಟರೆ ಹೋಗುತ್ತೆ ಅಂತ ಹೇಳಬೇಕಲ್ವಾ? ಚೌಕಕ್ಕೆ ಒಂದು ಗುರುತು ಹಾಕಿ 90 ಯೂರೋ ಇಟ್ಟುಕೊಳ್ಳೋದು ಯಾವ ನ್ಯಾಯ? ಧಾರವಾಡದವರ ಮೊಮ್ಮಕ್ಕಳ ಹತ್ತಿರ ಇವತ್ತು ಜರ್ಮನ್ ಪಾಸ್‌ಪೋರ್ಟ್ ಇದೆ. ಅವರು ಭಾರತಕ್ಕೆ ಬರಬೇಕಾದರೆ ಮನೆಯಲ್ಲೇ ಕೂತು ಇ-ವೀಸಾ ತಗೋತಾರೆ. ಯುರೋಪಿನ ಜೊತೆ ಮಾತುಕತೆಗೆ ಕೂರುವ ನಮ್ಮ ಮಂತ್ರಿಗಳು ಈ ಚೌಕದ ವಿಷಯವನ್ನೂ ಮೇಜಿನ ಮೇಲೆ ಇಡಲಿ. ಅಷ್ಟನ್ನೂ ಕೇಳದಿದ್ದರೆ ಮತ್ತೇನು ಕೇಳ್ತಾರೆ?

ಹುಡುಗ ಮತ್ತೆ ಅರ್ಜಿ ಹಾಕಿದ್ದಾನೆ, ಮತ್ತೆ ಶುಲ್ಕ ಕಟ್ಟಿ. ಈ ಸಲ ಸಂಬಳದ ಚೀಟಿಗಳ ಜೊತೆ ಅಜ್ಜನ ಪಾಸ್‌ಪೋರ್ಟಿನ ಒಂದು ಪುಟದ ನಕಲೂ ಇಟ್ಟಿದ್ದಾನೆ. 1975ರ ಆಗಸ್ಟಿನಲ್ಲಿ ಭಾರತಕ್ಕೆ ವಾಪಸ್ ಬಂದಿಳಿದಾಗ ಒತ್ತಿದ ಮುದ್ರೆಯ ಪುಟ ಅದು. ಆ ನಕಲನ್ನು ಯಾವ ಶೀರ್ಷಿಕೆಯಡಿ ಸೇರಿಸೋದು ಅಂತ ಕೌಂಟರಿನಲ್ಲಿದ್ದ ಹುಡುಗಿಗೆ ಗೊತ್ತಾಗಲಿಲ್ಲವಂತೆ. 'ಇತರೆ' ಅಂತ ಬರೆದು ತೆಗೆದುಕೊಂಡಳಂತೆ.