ಪರದೆಯ ಆಟವೂ ಮನಸ್ಸಿನ ಪಾಠವೂ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ - ಈ ಐದೂ ತಾಲೂಕುಗಳ ಮನೆಗಳಲ್ಲಿ ಇಂದು ಕೇಳಿಬರುವ ದೂರು ಒಂದೇ: “ಹುಡುಗ ಮೊಬೈಲ್ ಕೈಯಿಂದ ಬಿಡವಲ್ಲ.” ದೂರು ಸುಳ್ಳಲ್ಲ. ಆದರೆ ದೂರಿದ ಮಾತ್ರಕ್ಕೆ ಹಿರಿಯರ ಕರ್ತವ್ಯ ಮುಗಿಯಿತೆ? ಮಗು ಆಡುತ್ತಿರುವ ಆಟ ಯಾವುದು, ಅದು ಮಗುವಿನ ಮನಸ್ಸಿಗೆ ಏನು ಮಾಡುತ್ತಿದೆ ಎಂದು ನಾವು ವಿಚಾರಿಸಿದ್ದೇವೆಯೆ?

ಆಟದ ಮೂಲಕ ನೀತಿಯನ್ನು ಕಲಿಸುವುದು ನಮ್ಮ ಹಿರಿಯರಿಗೆ ಹೊಸದಾಗಿರಲಿಲ್ಲ. ಪರಮಪದ ಸೋಪಾನ ಪಟ ನಿಮಗೆ ಗೊತ್ತಿರಬೇಕು. ನೆರೆಯ ಮರಾಠಿ ನಾಡಿನವರು ಅದನ್ನೇ ಮೋಕ್ಷಪಟವೆನ್ನುತ್ತಾರೆ. ಅದರಲ್ಲಿ ಏಣಿಯೆಂದರೆ ಸದ್ಗುಣ, ಹಾವೆಂದರೆ ದುರ್ಗುಣ. ಆದರೆ ಅಲ್ಲಿ ಏರಿಸುವುದೂ ಇಳಿಸುವುದೂ ದಾಳವೇ. ಆಡುವವನ ವಿವೇಚನೆಗೆ ಎಡೆಯಿಲ್ಲ. ಇಂದಿನ ಕೆಲವು ವಿಡಿಯೊ ಆಟಗಳು ಆ ಎಡೆಯನ್ನು ತೆರೆದಿವೆ.

ಪೋಲೆಂಡ್ ದೇಶದಲ್ಲಿ 2014ರಲ್ಲಿ ‘ದಿಸ್ ವಾರ್ ಆಫ್ ಮೈನ್’ ಎಂಬ ಆಟ ಸಿದ್ಧವಾಯಿತು. ಅದರಲ್ಲಿ ನೀವು ಯೋಧರಲ್ಲ. ಶತ್ರುಗಳು ಮುತ್ತಿದ ನಗರದಲ್ಲಿ ಸಿಕ್ಕಿಬಿದ್ದ ಸಾಮಾನ್ಯ ಸಂಸಾರಿಗರು. ಅನ್ನವಿಲ್ಲ, ಔಷಧವಿಲ್ಲ. ಪಕ್ಕದ ಮುದಿ ದಂಪತಿಗಳ ಮನೆಯಲ್ಲಿ ಕದಿಯಬೇಕೆ, ಇಲ್ಲವೆ ತಮ್ಮವರನ್ನು ಉಪವಾಸ ಕೆಡವಬೇಕೆ? ಕದ್ದರೆ ಕದ್ದವನನ್ನು ಪಶ್ಚಾತ್ತಾಪ ಕಾಡುತ್ತದೆ. 2020ರಲ್ಲಿ ಆ ದೇಶದ ಸರಕಾರ ಈ ಆಟವನ್ನು ಪ್ರೌಢ ವಿದ್ಯಾರ್ಥಿಗಳ ಓದಿನ ಪಟ್ಟಿಗೆ ಸೇರಿಸುವುದಾಗಿ ಸಾರಿತು. ಯುದ್ಧದ ಕ್ರೌರ್ಯವಿರುವುದರಿಂದ ಅದು ಚಿಕ್ಕವರಿಗೆ ಸಲ್ಲದು, ಆ ಮಾತು ಬೇರೆ.

ಮೃದುವಾದ ಇನ್ನೊಂದು ಆಟ ‘ವೆಣ್ಬಾ’. ಇದು 2023ರಲ್ಲಿ ಹೊರಬಂದಿತು. 1980ರ ದಶಕದಲ್ಲಿ ಕೆನಡಾಕ್ಕೆ ಹೋಗಿ ನೆಲೆಸಿದ ತಮಿಳು ಸಂಸಾರವೊಂದರ ಕಥೆ. ತಾಯಿಯ ಅಡುಗೆಯ ಪುಸ್ತಕ ಹರಿದಿದೆ, ಸಾಲುಗಳು ಅಳಿಸಿವೆ. ಅಳಿದುದನ್ನು ಊಹಿಸಿ, ಇಡ್ಲಿಯನ್ನೂ ಪುಟ್ಟನ್ನೂ ಬೇಯಿಸುವುದೇ ಆಟ. ಅತ್ತ ಮಗ ಮನೆಯ ಮಾತಿನಿಂದ ದೂರ ಸರಿಯುತ್ತಾನೆ. ಮನೆಯಲ್ಲಿ ಒಂದು ಮಾತು, ಶಾಲೆಯಲ್ಲಿ ಒಂದು ಮಾತು, ಸಂತೆಯಲ್ಲಿ ಮತ್ತೊಂದು ಮಾತು ಆಡುವ ನಮ್ಮ ಗಡಿಯ ಮಕ್ಕಳಿಗೆ ಈ ತಾಯಿಯ ನೋವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಯಂತ್ರವಿಲ್ಲದೆಯೂ ಈ ಬಗೆಯ ಪಾಠ ಸಾಧ್ಯ. 2019ರ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿ ಬಂದುದನ್ನು ನಮ್ಮ ಭಾಗದವರು ಮರೆತಿಲ್ಲ. ಅದನ್ನೇ ಆಧಾರವಾಗಿಟ್ಟುಕೊಂಡು ತರಗತಿಯಲ್ಲಿ ನಾನೊಂದು ಕಾಗದದ ಆಟ ಆಡಿಸುತ್ತೇನೆ. ನೀರು ಅಂಗಳಕ್ಕೆ ಬಂದಿದೆ. ಚಕ್ಕಡಿಯಲ್ಲಿ ಎರಡೇ ವಸ್ತುಗಳಿಗೆ ಸ್ಥಳ. ಬೀಜದ ಚೀಲವೋ, ಕರುವೋ, ಅಜ್ಜನ ಪೆಟ್ಟಿಗೆಯೋ? ಒಬ್ಬ ಹುಡುಗ ಬೀಜವನ್ನೂ ಕರುವನ್ನೂ ಆರಿಸಿಕೊಂಡ. ಮುಂದೇನಾಯಿತೆಂದು ಬರೆಯಲು ಹೇಳಿದಾಗ ಅವನು ಬರೆದದ್ದು: “ಅಜ್ಜ ಏನೂ ಅನ್ನಲಿಲ್ಲ. ನೀರಿನ ಕಡೆ ನೋಡಕೋತ ಕುಂತ.” ಕರುಣರಸದ ಲಕ್ಷಣವನ್ನು ಬಾಯಿಪಾಠ ಮಾಡಿಸಿದ್ದರೆ ಈ ಎರಡು ವಾಕ್ಯ ಹುಟ್ಟುತ್ತಿರಲಿಲ್ಲ.

ಇಲ್ಲಿ ಒಂದು ಎಚ್ಚರಿಕೆಯೂ ಅಗತ್ಯ. ಎಲ್ಲ ಆಟಗಳೂ ಇಂಥವಲ್ಲ. ಹಣವನ್ನು ಪಣವಾಗಿಡುವ ಆನ್‌ಲೈನ್ ಆಟಗಳನ್ನು ನಮ್ಮ ಸಂಸತ್ತು 2025ರಲ್ಲಿ ಕಾನೂನಿನಿಂದ ನಿಷೇಧಿಸಿತು. ಧರ್ಮರಾಯನಂಥ ವಿವೇಕಿಯೇ ದಾಳದೆದುರು ವಿವೇಕ ಕಳೆದುಕೊಂಡ ಮೇಲೆ, ಎಳೆಯರ ಪಾಡೇನು?

ಆದುದರಿಂದ, ತಾಯಂದಿರೇ, ತಂದೆಗಳೇ, ವಾರಕ್ಕೊಂದು ಸಂಜೆ ಮಗುವಿನ ಪಕ್ಕದಲ್ಲಿ ಕುಳಿತು ಆಟವನ್ನು ನೋಡಿರಿ. ಮುಗಿದ ಬಳಿಕ ಮೂರೇ ಪ್ರಶ್ನೆ ಕೇಳಿರಿ: ನೀನು ಏನನ್ನು ಆರಿಸಿಕೊಂಡೆ? ಏಕೆ? ಅದರಿಂದ ಯಾರಿಗೆ ನೋವಾಯಿತು? ಉತ್ತರವನ್ನು ಮನೆಯ ಮಾತಿನಲ್ಲಿ ಹತ್ತು ಸಾಲು ಬರೆಸಿರಿ. ಉತ್ತರ ಹೇಳಲು ಬಾರದ ಆಟವಾದರೆ ಅದು ಬರಿಯ ಕಾಲಹರಣವೆಂದು ಮಗುವಿಗೇ ತಿಳಿದೀತು. ಉತ್ತರ ಬಂದರೆ, ಕಥೆಯನ್ನು ಓದಬಲ್ಲ ಮನಸ್ಸೊಂದು ನಿಮ್ಮ ಮನೆಯಲ್ಲಿ ಬೆಳೆಯುತ್ತಿದೆಯೆಂದು ತಿಳಿಯಿರಿ.