ಕೋಶಿಕೆಯೊಳಗಿನ ಎಚ್‌ಡಿಎಲ್



ಗೋವಿನ ಹಾಡು ಕೇಳಿ ಬೆಳೆದ ನಮಗೆ ಹಸುವಿನ ಹಾಲಿನ ಮಹಿಮೆಯನ್ನು ಯಾರೂ ಹೇಳಬೇಕಾಗಿಲ್ಲ. ಆ ಹಾಲಿಗೆ ಮೊದಲು ಹಸು ಗಬ್ಬವಾಗಬೇಕು. ಗಬ್ಬಕ್ಕೂ ಮೊದಲು, ಬೆದೆಯ ಹೊತ್ತಿಗೆ, ಅಂಡಾಶಯದಲ್ಲೊಂದು ಕೋಶಿಕೆ ಒಂದೂವರೆ ಸೆಂಟಿಮೀಟರಿನಷ್ಟು ಉಬ್ಬುತ್ತದೆ. ಡಚ್ ವೈದ್ಯ ಡಿ ಗ್ರಾಫ್ 1672ರಲ್ಲಿ ಕೋಶಿಕೆಗಳನ್ನು ವರ್ಣಿಸಿದ. ನನ್ನ ಮಾತು ಅವುಗಳೊಳಗಿನ ದ್ರವದ ಬಗ್ಗೆ.

ರಕ್ತದಲ್ಲಿ ಕೊಲೆಸ್ಟ್ರಾಲ್ ಹೊರುವ ಲಿಪೊಪ್ರೋಟೀನುಗಳು ಹಲವು. ಈ ದ್ರವದಲ್ಲಿ ಸಿಗುವುದು ಬಹುಮಟ್ಟಿಗೆ ಎಚ್‌ಡಿಎಲ್. ಗಾತ್ರವೇ ಕಾರಣ ಎನ್ನುತ್ತವೆ ಪಠ್ಯಪುಸ್ತಕಗಳು. ರಕ್ತನಾಳಗಳು ಹೊರಗಿನ ಥೀಕಾ ಪದರದಲ್ಲೇ ನಿಲ್ಲುತ್ತವೆ, ಒಳಗಿನ ಗ್ರಾನುಲೋಸಾ ಪದರಕ್ಕೆ ಬರುವುದಿಲ್ಲ. ನಡುವಿನ ತಳಪೊರೆ ಜರಡಿಯಂತೆ: ಸುಮಾರು 10 ನ್ಯಾನೊಮೀಟರಿನ ಎಚ್‌ಡಿಎಲ್ ನುಸುಳುತ್ತದೆ, ಅದರ ಎರಡರಷ್ಟಿರುವ ಎಲ್‌ಡಿಎಲ್ ಹೊರಗುಳಿಯುತ್ತದೆ. ಅಂಡ ಹೊರಬಿದ್ದು, ಪೊರೆ ಶಿಥಿಲವಾಗಿ, ರಕ್ತನಾಳಗಳು ಒಳನುಗ್ಗಿ ಕಾರ್ಪಸ್ ಲೂಟಿಯಂ ಬೆಳೆದಾಗಲೇ ಎಲ್‌ಡಿಎಲ್‌ಗೂ ದಾರಿ.

ನನ್ನ ತಕರಾರು ಇರುವುದು ಇಲ್ಲೇ. ಹಸುವಿನ ರಕ್ತದಲ್ಲೇ ಎಚ್‌ಡಿಎಲ್‌ನದು ದೊಡ್ಡ ಪಾಲು. ಮೇಲಾಗಿ, ಎಲ್‌ಡಿಎಲ್, ಎಚ್‌ಡಿಎಲ್‌ಗಳ ನಡುವೆ ಮನುಷ್ಯರಿಗೆಂದು ಎಳೆದ 1.063ರ ಸಾಂದ್ರತೆಯ ಗೆರೆ ಹಸುವಿಗೆ ಹೊಂದುವುದಿಲ್ಲ. ಅದರ ಹಗುರ ಎಚ್‌ಡಿಎಲ್ ಆ ಗೆರೆಯ ಕೆಳಗಿಳಿದು ಎಲ್‌ಡಿಎಲ್‌ ಜೊತೆ ಬೆರೆಯುತ್ತದೆ. ಸಾಂದ್ರತೆಯೊಂದನ್ನೇ ನಂಬಿ ಒಳಗೆ ಬಂದದ್ದು ಯಾವುದು, ಹೊರಗುಳಿದದ್ದು ಯಾವುದು ಎಂದು ಹೇಳುವುದು ಹೇಗೆ?

ನಮ್ಮ ಮೇಷ್ಟ್ರು ನೆನಪಾಗುತ್ತಾರೆ. ಕಸಾಯಿಖಾನೆಯಿಂದ ತಂದ ಅಂಡಾಶಯಗಳ ಮುಂದೆ ನಮ್ಮನ್ನು ಕೂರಿಸಿ, ಸೂಜಿ ಚುಚ್ಚುವ ಮುನ್ನ ಪ್ರತಿ ಕೋಶಿಕೆಯ ಅಳತೆ ಬರೆಸುತ್ತಿದ್ದರು. ಸಣ್ಣದರ ದ್ರವವನ್ನೂ ದೊಡ್ಡದರ ದ್ರವವನ್ನೂ ಒಂದೇ ಸೀಸೆಗೆ ಸುರಿಯಗೊಡುತ್ತಿರಲಿಲ್ಲ. ಆ ಶಿಸ್ತಿನ ಬೆಲೆ ತಿಳಿದದ್ದು ಬ್ರಾಂಟ್‌ಮೆಯರ್, ಗ್ರಮರ್, ಆಕ್ಸ್ ಅವರ 1987ರ ಪ್ರಬಂಧ ಓದಿದಾಗ: ಹಸುವಿನಲ್ಲಿ ಕೋಶಿಕೆಯ ಗಾತ್ರ ಬದಲಾದಂತೆ ದ್ರವದ ಎಚ್‌ಡಿಎಲ್ ಪ್ರಮಾಣವೂ ಬದಲಾಗುತ್ತದೆ.

ಎಚ್‌ಡಿಎಲ್ ಕಣವನ್ನು ನುಂಗದೆ ಅದರ ಕೊಲೆಸ್ಟ್ರಾಲನ್ನಷ್ಟೇ ಇಳಿಸಿಕೊಳ್ಳುವ ಎಸ್‌ಆರ್-ಬಿ1 ಗ್ರಾಹಿ 1996ರಲ್ಲಿ ಗೊತ್ತಾಯಿತು. ಅದಿಲ್ಲದ ಹೆಣ್ಣಿಲಿಗಳು ಬಂಜೆಯಾದವು. ಹಾಗಾಗಿ ಎಚ್‌ಡಿಎಲ್ ಅಲ್ಲಿ ಸುಮ್ಮನೆ ಸೋಸಿ ಬಂದು ಕೂತಿಲ್ಲ, ಅದಕ್ಕೊಂದು ಕೆಲಸವಿದೆ ಎಂದೇ ನನ್ನ ನಂಬಿಕೆ.

ಆದರೆ ಆ ಕೆಲಸ ಯಾವುದು? ಗ್ರಾನುಲೋಸಾಕ್ಕೆ ಪ್ರೊಜೆಸ್ಟರಾನಿನ ಕಚ್ಚಾವಸ್ತು ಒದಗಿಸುವುದೋ, ಹೆಚ್ಚಾದ ಕೊಲೆಸ್ಟ್ರಾಲನ್ನು ಹೊತ್ತೊಯ್ದು ಅಂಡವನ್ನು ಕಾಯುವುದೋ? ಕೋಶಿಕೆ ಬೆಳೆದಂತೆ ಪೊರೆಯೇ ಸಡಿಲವಾಗುತ್ತದೆ ಎಂದಾದರೆ, ಗಾತ್ರದ ವಾದವೇ ಮತ್ತೆ ಗೆದ್ದಂತಲ್ಲವೇ? ಆಗ ನನ್ನ ತಕರಾರಿನಲ್ಲಿ ಉಳಿಯುವುದೆಷ್ಟು?